ಮೂರು ವರ್ಷದೊಳಗಿನ ಮಕ್ಕಳಿಗೆ ಆಟವೇ ಪಾಠ: ಶಿಶುವಿಹಾರ ನಡೆಸುವವರಿಗೊಂದು ಸಮಗ್ರ ಮಾರ್ಗದರ್ಶಿ

ಎರಡು ವರ್ಷ ತುಂಬದ ಮಗುವಿನ ಕೈಗೆ ಬಳಪ ಕೊಟ್ಟು ‘ಅ’ ತಿದ್ದಿಸುವ ಶಿಶುವಿಹಾರಗಳಿಗೆ ನಮ್ಮಲ್ಲಿ ಬರವಿಲ್ಲ. ‘ಹೆತ್ತವರು ಅದನ್ನೇ ಕೇಳುತ್ತಾರೆ’ ಎಂಬ ಸಮಜಾಯಿಷಿಯೂ ಸಿದ್ಧವಾಗಿರುತ್ತದೆ. ಆದರೆ ಆ ವಯಸ್ಸಿನ ಮಗು ಬಳಪವನ್ನು ಹಿಡಿಯುವುದು ಮುಷ್ಟಿಯಲ್ಲಿ. ಬೆರಳ ತುದಿಗೆ ಹಿಡಿತ ಬರಬೇಕಾದರೆ ಮೊದಲು ಭುಜ, ಮೊಣಕೈ, ಮಣಿಕಟ್ಟು ಗಟ್ಟಿಯಾಗಬೇಕು. ಅವು ಗಟ್ಟಿಯಾಗುವುದು ಮೆಟ್ಟಿಲು ಹತ್ತಿ ಇಳಿಯುವುದರಿಂದ, ಚೆಂಬಿನಿಂದ ಚೆಂಬಿಗೆ ನೀರು ಸುರಿಯುವುದರಿಂದ, ಹಿಟ್ಟು ಹಿಸುಕುವುದರಿಂದ. ಅಕ್ಷರದ ದಾರಿ ಶುರುವಾಗುವುದು ಅಲ್ಲಿಂದಲೇ.

ನಮ್ಮ ವ್ಯವಸ್ಥೆ ಈ ವಯಸ್ಸನ್ನು ಬಹುಕಾಲ ಹೊಟ್ಟೆ, ತೂಕ, ಲಸಿಕೆಗಳ ಲೆಕ್ಕದಲ್ಲೇ ನೋಡಿತು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದ ಮೊದಲ ತಾಲೂಕು ಟಿ. ನರಸೀಪುರ. ಅಂದಿನಿಂದಲೂ ಅಂಗನವಾಡಿಯಲ್ಲಿ ಕಲಿಕೆ ಎಂದರೆ ಮೂರರಿಂದ ಆರು ವರ್ಷದವರ ಮಾತು. ‘ಚಿಲಿಪಿಲಿ’ ಪಠ್ಯಕ್ರಮವೂ ಅವರದೇ. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳ ಚಟುವಟಿಕೆಗಳಿಗೆಂದೇ ಕೇಂದ್ರ ಸರ್ಕಾರ ‘ನವಚೇತನ’ ಎಂಬ ಚೌಕಟ್ಟನ್ನು ಹೊರತಂದದ್ದು 2024ರಲ್ಲಿ. ಇತ್ತ 2023–24ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ‘ಕೂಸಿನ ಮನೆ’ಗಳಿಂದಾಗಿ, ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳು ಹಳ್ಳಿಗಳಲ್ಲಿ ಹಗಲಿಡೀ ಒಂದೇ ಸೂರಿನಡಿ ಇರುವಂತಾಗಿದೆ. ನಗರದ ಡೇ ಕೇರ್, ಕಾರ್ಖಾನೆಯ ಕ್ರೆಷ್‌ಗಳದ್ದೂ ಹೆಚ್ಚುಕಡಿಮೆ ಇದೇ ಚಿತ್ರ: ಒಂದು ಕೋಣೆ, ಎಂಟು ಹತ್ತು ಮಕ್ಕಳು, ಒಬ್ಬ ಆರೈಕೆದಾರರು, ಒಬ್ಬ ಸಹಾಯಕಿ, ಕೈಯಲ್ಲಿ ಕಡಿಮೆ ದುಡ್ಡು. ಕೆಳಗಿನದೆಲ್ಲ ಅಂಥ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದದ್ದು.

ಹೆಜ್ಜೆ 1: ಕೋಣೆಯನ್ನು ಖಾಲಿ ಮಾಡಿ

ಮೊದಲ ದಿನದ ಕೆಲಸ ತರುವುದಲ್ಲ, ತೆಗೆಯುವುದು. ಮುರಿದ ಆಟಿಕೆ, ಬಣ್ಣ ಕಿತ್ತ ಗೊಂಬೆ, ಬ್ಯಾಟರಿಯಿಂದ ಹಾಡುವ ಕಾರು ಎಲ್ಲವೂ ಹೊರಗೆ ಹೋಗಲಿ. ಅಂಗಿಯ ಗುಂಡಿಯಂಥ ಪುಟ್ಟ ಬ್ಯಾಟರಿ ಸೆಲ್‌ಗಳು ಮಗುವಿನ ಗಂಟಲಿಗೆ ಹೋದರೆ ಗಂಟೆಗಳಲ್ಲೇ ಅನ್ನನಾಳವನ್ನು ಸುಡಬಲ್ಲವು. ಅವಿರುವ ಯಾವ ವಸ್ತುವೂ ಈ ಕೋಣೆಯಲ್ಲಿ ಬೇಡ. ಗೋಡೆಯಲ್ಲಿ ದೊಡ್ಡವರ ಕಣ್ಣಿನ ಮಟ್ಟಕ್ಕೆ ನೇತುಹಾಕಿದ ಹಣ್ಣು ತರಕಾರಿಗಳ ಚಾರ್ಟ್ ತಪಾಸಣೆಗೆ ಬರುವವರಿಗೆ ಕಾಣಿಸುತ್ತದೆಯೇ ಹೊರತು ಮಗುವಿಗಲ್ಲ. ಇರಲೇಬೇಕೆಂದಿದ್ದರೆ ನೆಲದಿಂದ ಎರಡಡಿ ಎತ್ತರಕ್ಕೆ ಇಳಿಸಿ.

ಆಮೇಲೆ ನೆಲದ ಮೇಲೆ ಕುಳಿತು ಸುತ್ತ ನೋಡಿ. ಪ್ಲಗ್ ಪಾಯಿಂಟ್, ಜೋತುಬಿದ್ದ ವೈರು, ಮಂಚದ ಚೂಪು ಮೂಲೆ, ಫಿನಾಯಿಲ್ ಬಾಟಲಿ ಎಲ್ಲವೂ ಆಗ ತಾವಾಗಿ ಕಣ್ಣಿಗೆ ಬೀಳುತ್ತವೆ. ಗುಂಡಗಿನ ವಸ್ತುವಾದರೆ 4.5 ಸೆಂಟಿಮೀಟರಿಗಿಂತ ಚಿಕ್ಕದು ಬೇಡ. ಹುಣಸೆ ಬೀಜ, ಗೋಲಿ, ಕಡಲೆಕಾಯಿ, ಅಡಕೆ ಚೂರು ಕೋಣೆಯ ಒಳಗೆ ಕಾಲಿಡಬಾರದು.

ಜಾಗವನ್ನು ಮೂರಾಗಿ ಯೋಚಿಸಿದರೆ ಸಾಕು. ಓಡಾಡಲು ಬರಿ ನೆಲ. ಕುಳಿತು ಆಡಲು ಚಾಪೆ ಮತ್ತು ಮಗುವಿನ ಮೊಣಕಾಲೆತ್ತರದ ಕಪಾಟು. ದಣಿದಾಗ ಹೋಗಿ ಒರಗಲು ದಿಂಬು, ಹಳೆ ಕೌದಿ ಹಾಸಿದ ಒಂದು ಮೂಲೆ. ಕಪಾಟಿನಲ್ಲಿ ಒಮ್ಮೆಗೆ ಎಂಟು ಹತ್ತು ಬಗೆಯ ವಸ್ತುಗಳಿರಲಿ, ಉಳಿದವು ಪೆಟ್ಟಿಗೆಯಲ್ಲಿರಲಿ, ವಾರಕ್ಕೊಮ್ಮೆ ಒಂದೆರಡು ಬದಲಾಗಲಿ. ಪ್ರತಿ ವಸ್ತುವೂ ದಿನಾ ಅದದೇ ಜಾಗದಲ್ಲಿರಬೇಕು. ತನಗೆ ಬೇಕಾದದ್ದು ಎಲ್ಲಿದೆ ಎಂದು ಗೊತ್ತಿರುವ ಮಗು ನಿಮ್ಮ ಸೆರಗು ಹಿಡಿದು ಎಳೆಯುವುದಿಲ್ಲ.

ಹೆಜ್ಜೆ 2: ಮಗು ಹೊಂದಿಕೊಳ್ಳಲು ಸಮಯ ಕೊಡಿ

ತಾಯಿ ಹಿಂಬಾಗಿಲಿನಿಂದ ಜಾರಿಕೊಳ್ಳುವುದು, ಮಗು ಅತ್ತೂ ಅತ್ತೂ ಸುಮ್ಮನಾಗುವುದು, ‘ನೋಡಿ, ಹೊಂದಿಕೊಂಡುಬಿಟ್ಟ’ ಎಂದು ನಾವು ಹೇಳುವುದು: ಇದು ಎಲ್ಲ ಕಡೆ ನಡೆಯುವ ಮೋಸ. ಸುಮ್ಮನಾದ ಮಗು ಹೊಂದಿಕೊಂಡಿರುವುದಿಲ್ಲ, ದಣಿದಿರುತ್ತದೆ.

ಮೊದಲ ಎರಡು ಮೂರು ದಿನ ತಾಯಿಯೋ ಅಜ್ಜಿಯೋ ಕೋಣೆಯಲ್ಲೇ ಕುಳಿತಿರಲಿ. ಆಡಿಸುವುದು ಬೇಡ, ಕಣ್ಣಿಗೆ ಕಾಣುತ್ತಿದ್ದರೆ ಸಾಕು. ಆಮೇಲೆ ಹತ್ತು ನಿಮಿಷ ಹೊರಗೆ, ಮರುದಿನ ಅರ್ಧ ಗಂಟೆ, ಹೀಗೆ ಹಿಗ್ಗಿಸುತ್ತಾ ಹೋಗಿ. ಹೊರಡುವಾಗ ಪ್ರತಿ ಸಲವೂ ಮಗುವಿನ ಮುಖ ನೋಡಿ ಹೇಳಿಯೇ ಹೋಗಬೇಕು: ‘ಕಂದಾ, ಹೋಗಿ ಬರುತ್ತೇನೆ. ನೀನು ಊಟ ಮಾಡಿ ಮಲಗಿ ಏಳುವಷ್ಟರಲ್ಲಿ ಬಂದಿರುತ್ತೇನೆ.’ ಗಂಟೆಯ ಲೆಕ್ಕ ಮಗುವಿಗೆ ತಿಳಿಯದು, ಊಟ ನಿದ್ದೆಯ ಲೆಕ್ಕ ತಿಳಿಯುತ್ತದೆ. ತಾಯಿಯ ಹಳೆ ಸೀರೆಯ ಒಂದು ತುಂಡು ಮಗುವಿನ ಚೀಲದಲ್ಲಿರಲಿ. ಅದರ ವಾಸನೆ ಎಷ್ಟೋ ಸಲ ನಮ್ಮ ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಇಬ್ಬರು ಸಿಬ್ಬಂದಿ ಇದ್ದರೆ ಮಕ್ಕಳನ್ನು ಹಂಚಿಕೊಳ್ಳಿ. ಈ ಐವರಿಗೆ ಉಣಿಸುವುದು, ಮಲಗಿಸುವುದು, ಬಟ್ಟೆ ಬದಲಿಸುವುದು ಹೆಚ್ಚಾಗಿ ಒಬ್ಬರೇ ಆಗಿರಲಿ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ 2018ರ ಕ್ರೆಷ್ ಮಾರ್ಗಸೂಚಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ಮೇಲ್ವಿಚಾರಕಿ, ಜತೆಗೊಬ್ಬ ಸಹಾಯಕಿ ಇರಬೇಕೆನ್ನುತ್ತದೆ. ಅದಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆಟದ ಮಾತು ಬಿಡಿ, ಮೂಗು ಒರೆಸುವುದರಲ್ಲೇ ದಿನ ಮುಗಿಯುತ್ತದೆ.

ಹೆಜ್ಜೆ 3: ಬುಟ್ಟಿ ತುಂಬಿಸಿ

ಬ್ರಿಟನ್ನಿನ ಶಿಶುಶಿಕ್ಷಣ ತಜ್ಞೆ ಎಲಿನಾರ್ ಗೋಲ್ಡ್‌ಸ್ಮೀಡ್ ಆಟಿಕೆ ಅಂಗಡಿಯನ್ನು ಬದಿಗಿಟ್ಟು ಅಡುಗೆಮನೆಯತ್ತ ತಿರುಗಿದವರು. ಕುಳಿತುಕೊಳ್ಳಲು ಕಲಿತ ಕೂಸಿನ ಮುಂದೆ ತಗ್ಗಾದ ಬುಟ್ಟಿಯಲ್ಲಿ ಮನೆಬಳಕೆಯ ವಸ್ತುಗಳನ್ನು ತುಂಬಿಟ್ಟು ಸುಮ್ಮನೆ ಪಕ್ಕದಲ್ಲಿ ಕೂರುವುದು ಅವರ ವಿಧಾನ. ಪ್ಲಾಸ್ಟಿಕ್ ಆಟಿಕೆ ಎಷ್ಟೇ ಬಣ್ಣಬಣ್ಣದ್ದಾದರೂ ಬಾಯಿಗಿಟ್ಟರೆ ಒಂದೇ ರುಚಿ, ಕೈಗೆ ಒಂದೇ ನುಣುಪು, ಕೆಳಗೆ ಬಿದ್ದರೆ ಒಂದೇ ಸದ್ದು. ಸ್ಟೀಲ್ ಲೋಟ ತಣ್ಣಗಿರುತ್ತದೆ, ತೆಂಗಿನ ಕರಟ ಒರಟಾಗಿರುತ್ತದೆ, ಒಣಗಿದ ಹೀರೇಕಾಯಿಯ ನಾರು ಹಗುರವಾಗಿ ಚುಚ್ಚುತ್ತದೆ.

ನಮ್ಮ ಮನೆಗಳಲ್ಲಿ ಈ ಬುಟ್ಟಿಗೆ ಏನು ಬೇಕೋ ಎಲ್ಲ ಇದೆ. ಪಾವು, ಸೇರು, ಮರದ ಸೌಟು, ಚಿಕ್ಕ ಲಟ್ಟಣಿಗೆ, ಡಬ್ಬಿಯ ಮುಚ್ಚಳಗಳು, ಉಜ್ಜಿ ನುಣುಪು ಮಾಡಿದ ಕರಟ, ಸೋರೆ ಬುರುಡೆ, ಹಿತ್ತಾಳೆಯ ತಟ್ಟೆ, ಹತ್ತಿ ಬಟ್ಟೆಯ ತುಂಡು, ರೇಷ್ಮೆಯ ತುಂಡು, ಬಿದಿರಿನ ಪುಟ್ಟ ಮೊರ. ವಾರಕ್ಕೊಮ್ಮೆ ತೊಳೆದು ಬಿಸಿಲಿಗಿಡಿ. ಸಿಬಿರು ಎದ್ದದ್ದು, ಅಂಚು ಮುರಿದದ್ದು ಕಂಡರೆ ಎಸೆಯಿರಿ. ಕೊಳ್ಳುವುದೇ ಆದರೆ ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಮರದ ಆಟಿಕೆ ಒಳ್ಳೆಯದು, ಆದರೆ ಅದರಲ್ಲೂ ಬಿಡಿಸಿದರೆ ಬಿಚ್ಚಿ ಬರುವ ಚಿಕ್ಕ ಮಣಿ, ಮೊಳೆ ಇಲ್ಲದ್ದನ್ನೇ ಆರಿಸಿ. ಅಂಗಡಿಯ ಆಟಿಕೆಗೆ ಐಎಸ್‌ಐ ಗುರುತು 2021ರಿಂದ ಕಡ್ಡಾಯ. ಜಾತ್ರೆಯಲ್ಲಿ ಸಿಗುವುದರ ಮೇಲೆ ಅದನ್ನು ಹುಡುಕಿ ಪ್ರಯೋಜನವಿಲ್ಲ, ಕೊಳ್ಳದಿರುವುದೇ ಲೇಸು.

ನಡೆಯಲು ಶುರು ಮಾಡಿದ ಮಕ್ಕಳಿಗೆ ಒಂದೊಂದೇ ವಸ್ತು ಸಾಲದು, ರಾಶಿ ಬೇಕು. ಹತ್ತಿಪ್ಪತ್ತು ಮುಚ್ಚಳ, ಹತ್ತಿಪ್ಪತ್ತು ದೊಡ್ಡ ಪ್ಲಾಸ್ಟಿಕ್ ಬಳೆ, ನಾಲ್ಕಾರು ಡಬ್ಬಿ. ತುಂಬುವುದು, ಸುರಿಯುವುದು, ಒಂದರೊಳಗೊಂದು ಇಡುವುದು, ಒಂದರ ಮೇಲೊಂದು ಪೇರಿಸುವುದು ಇವುಗಳಿಂದಲೇ ‘ದೊಡ್ಡದು–ಚಿಕ್ಕದು’, ‘ಒಳಗೆ–ಹೊರಗೆ’, ‘ತುಂಬಿದೆ–ಖಾಲಿ’ ಎಂಬ ಗಣಿತ ಹುಟ್ಟುತ್ತದೆ. ಆಟ ಮುಗಿದಾಗ ಎತ್ತಿಡುವುದೂ ಮಕ್ಕಳದ್ದೇ ಕೆಲಸವಾಗಲಿ: ಒಂದು ಚೀಲ ಬಾಯಿ ತೆರೆದು ಹಿಡಿದು ‘ಮುಚ್ಚಳವೆಲ್ಲ ಇಲ್ಲಿಗೆ’ ಎಂದರೆ ಅದೇ ವಿಂಗಡಣೆಯ ಪಾಠ.

ಹಿಟ್ಟಿನ ಆಟಕ್ಕೆ ಉಪ್ಪು ಹಾಕಿದ ಹಿಟ್ಟು ಬೇಡವೇ ಬೇಡ. ಈ ವಯಸ್ಸಿನವರು ತಿಂದೇ ತಿನ್ನುತ್ತಾರೆ, ಅಷ್ಟು ಉಪ್ಪು ಅಪಾಯ. ಕಡುಬಿಗೆ ಮಾಡುವಂತೆ ಕುದಿಯುವ ನೀರಿಗೆ ಅಕ್ಕಿ ಹಿಟ್ಟು ಹಾಕಿ ಬೇಯಿಸಿ, ಆರಿದ ಮೇಲೆ ಒಂದು ಚಮಚ ಎಣ್ಣೆ ಹಾಕಿ ನಾದಿ. ಬಣ್ಣಕ್ಕೆ ಅರಿಶಿನ ಅಥವಾ ಬೀಟ್‌ರೂಟ್ ರಸ. ಅಂದಿನದು ಅಂದಿಗೇ ಮುಗಿಯಲಿ.

ಹೆಜ್ಜೆ 4: ಕೈ ಕಟ್ಟಿ ನೋಡಿ, ಆಮೇಲೆ ಬರೆದಿಡಿ

ಇಡೀ ಕೆಲಸದ ಜೀವಾಳ ಇದು. ಎಲ್ಲಕ್ಕಿಂತ ಕಷ್ಟವಾದದ್ದೂ ಇದೇ. ಮಗು ತಡವರಿಸಿದ ಕೂಡಲೇ ನಮ್ಮ ಕೈ ಮುಂದೆ ಹೋಗುತ್ತದೆ, ಬಾಯಿ ‘ಹಾಗಲ್ಲ, ಹೀಗೆ’ ಎನ್ನುತ್ತದೆ. ಎರಡನ್ನೂ ತಡೆಯುವುದನ್ನು ಅಭ್ಯಾಸದಿಂದ ಕಲಿಯಬೇಕು.

ನಾನು ಕಂಡ ಒಂದು ಆಟ ಹೇಳುತ್ತೇನೆ. ನಾಲ್ಕು ಇಂಚಿನ ಪಿವಿಸಿ ಪೈಪಿನ ಎರಡು ಮೊಳದ ತುಂಡನ್ನು ಕಿಟಕಿಯ ಸರಳಿಗೆ ಓರೆಯಾಗಿ ಕಟ್ಟಿದ್ದರು. ಇಪ್ಪತ್ತು ತಿಂಗಳ ಹುಡುಗಿಯೊಬ್ಬಳು ಬಟ್ಟೆ ಚೆಂಡನ್ನು ಮೇಲಿನ ಬಾಯಿಗೆ ಹಾಕಿದಳು. ಚೆಂಡು ಮಾಯ. ಪೈಪಿನೊಳಗೆ ಕಣ್ಣಿಟ್ಟು ನೋಡಿದಳು, ಕೈ ತೂರಿಸಿದಳು. ಅಷ್ಟರಲ್ಲಿ ಚೆಂಡು ಕೆಳಗೆ ಬಿದ್ದು ಉರುಳಿ ಹೋಗಿತ್ತು. ಅದನ್ನು ಎತ್ತಿಕೊಂಡಳು, ಆದರೆ ಪೈಪಿಗೂ ಅದಕ್ಕೂ ಗಂಟು ಹಾಕಲಿಲ್ಲ. ಮತ್ತೆ ಹಾಕಿದಳು, ಮತ್ತೆ ಮೇಲಿನ ಬಾಯಿಯಲ್ಲೇ ಹುಡುಕಿದಳು. ಎಷ್ಟೋ ಸಲ ಹೀಗೇ ಆಯಿತು. ಕೊನೆಗೊಮ್ಮೆ ಚೆಂಡು ಹಾಕಿದವಳೇ ಕೆಳತುದಿಗೆ ಓಡಿ, ಎರಡೂ ಕೈ ಬೊಗಸೆ ಮಾಡಿ ಕುಕ್ಕರಗಾಲಲ್ಲಿ ಕುಳಿತಳು. ಚೆಂಡು ಬೊಗಸೆಗೇ ಬಿತ್ತು. ಅವಳು ಆರೈಕೆದಾರರ ಮುಖ ನೋಡಿದಳು; ಅವರು ‘ಬಂತು!’ ಎಂದರು, ಅಷ್ಟೇ. ಕಣ್ಣಿಗೆ ಕಾಣದ ವಸ್ತುವೂ ಇದ್ದೇ ಇರುತ್ತದೆ, ಹಾಕಿದ್ದು ಇನ್ನೆಲ್ಲೋ ಹೊರಬರುತ್ತದೆ ಎಂಬ ಎರಡು ಸಂಗತಿಗಳನ್ನು ಅವಳು ತಾನೇ ಜೋಡಿಸಿಕೊಂಡಳು. ಮೊದಲ ಸಲಕ್ಕೇ ಯಾರಾದರೂ ‘ಅಲ್ಲಿ ಕೆಳಗೆ ನೋಡು’ ಎಂದಿದ್ದರೆ ಚೆಂಡೇನೋ ಸಿಗುತ್ತಿತ್ತು, ಆ ಓಟ ಸಿಗುತ್ತಿರಲಿಲ್ಲ.

ಹೀಗೆ ಮಗು ಒಂದೇ ಕೆಲಸವನ್ನು ಬಿಡದೆ ಮಾಡುತ್ತಿದ್ದರೆ ಅಲ್ಲೊಂದು ಪ್ರಶ್ನೆ ಇದೆ ಎಂದರ್ಥ. ಎಸೆಯುವ ಹಂಬಲದ ಮಗುವಿಗೆ ‘ಎಸೆಯಬೇಡ’ ಎಂದರೆ ಪ್ರಯೋಜನವಿಲ್ಲ. ಲೋಟ ಕಿತ್ತುಕೊಂಡು ಬಟ್ಟೆ ಚೆಂಡು ಕೊಡಿ, ಎಸೆಯಲು ಒಂದು ಬುಟ್ಟಿ ತೋರಿಸಿ. ಸಾಮಾನನ್ನೆಲ್ಲ ಕೋಣೆಯ ಆ ಮೂಲೆಯಿಂದ ಈ ಮೂಲೆಗೆ ಹೊತ್ತೊಯ್ಯುವವನಿಗೆ ಹಿಡಿಯುಳ್ಳ ಚೀಲ ಕೊಡಿ. ಮೇಜಿನ ಕೆಳಗೇ ನುಸುಳುವವಳಿಗೆ ರಟ್ಟಿನ ದೊಡ್ಡ ಪೆಟ್ಟಿಗೆ. ಚಕ್ರ ತಿರುಗಿಸುತ್ತಲೇ ಇರುವವನಿಗೆ ತಿರುಪಿನ ಮುಚ್ಚಳದ ಡಬ್ಬಿ, ಬುಗುರಿ.

ಪ್ರತಿ ಮಗುವಿಗೂ ನೋಟ್‌ಬುಕ್ಕಿನಲ್ಲಿ ಎರಡೆರಡು ಪುಟ ಬಿಡಿ. ದಿನಕ್ಕೆ ಇಬ್ಬರ ಬಗ್ಗೆ ಎರಡೆರಡು ಸಾಲು ಬರೆದರೆ ವಾರದಲ್ಲಿ ಎಲ್ಲರದೂ ಆಗುತ್ತದೆ. ‘ಚುರುಕಾಗಿದ್ದಾನೆ’, ‘ಹಟಮಾರಿ’ ಎಂದು ಬರೆಯಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ‘ಮುಚ್ಚಳವನ್ನು ಮೂರು ಡಬ್ಬಿಗೂ ಹಾಕಿ ನೋಡಿದ, ಕೊನೆಯದಕ್ಕೆ ಹೊಂದಿತು’ ಎಂದು ಕಂಡದ್ದನ್ನು ಬರೆಯಿರಿ. ಅದರ ಕೆಳಗೇ ‘ನಾಳೆ: ಹೊಂದದ ಇನ್ನೆರಡು ಮುಚ್ಚಳ ಸೇರಿಸುವುದು’ ಎಂದು ಗುರುತು ಹಾಕಿ. ಪಾಠದ ಯೋಜನೆ ಎಂದರೆ ಈ ಎರಡನೆಯ ಸಾಲು.

ಹೆಜ್ಜೆ 5: ಮಾತು, ಮಗು ನೋಡುತ್ತಿರುವುದರ ಬಗ್ಗೆ

ಮಗು ಕಿಟಕಿಯಾಚೆ ಕಾಗೆಯನ್ನು ನೋಡುತ್ತಿರುವಾಗ ಚಾರ್ಟಿನ ಸೇಬು ತೋರಿಸಬೇಡಿ. ಕಾಗೆಯ ಮಾತಾಡಿ. ಮಗು ‘ಕಾ’ ಎಂದರೆ ‘ಹೌದು, ಕಾಗೆ ಬಂತು, ಕರ್ರನೆ ಕಾಗೆ’ ಎಂದು ಒಂದೆರಡು ಪದ ಸೇರಿಸಿ ತಿರುಗಿ ಕೊಡಿ, ಆಮೇಲೆ ಸುಮ್ಮನಿರಿ. ಮನಸ್ಸಿನಲ್ಲೇ ಐದು ಎಣಿಸಿ. ಪುಟ್ಟ ಬಾಯಿಗೆ ಉತ್ತರ ಹುಡುಕಲು ಅಷ್ಟು ಹೊತ್ತು ಬೇಕು. ನಾವು ಆ ಖಾಲಿ ಜಾಗವನ್ನೂ ತುಂಬಿಬಿಡುತ್ತೇವೆ. ‘ಇದೇನು? ಇದರ ಬಣ್ಣ ಯಾವುದು?’ ಎಂಬ ಸಾಲು ಸಾಲು ಪ್ರಶ್ನೆ ಮಾತುಕತೆಯಲ್ಲ, ವಿಚಾರಣೆ.

ಕೋಣೆಯಲ್ಲಿ ಲಂಬಾಣಿ, ಉರ್ದು, ತುಳು, ತೆಲುಗು, ಹಿಂದಿ ಮನೆಮಾತಿನ ಮಕ್ಕಳಿರಬಹುದು. ನೀರು, ಅನ್ನ, ನೋವು, ನಿದ್ದೆ, ಅಮ್ಮ ಇಷ್ಟಕ್ಕಾದರೂ ಅವರ ಭಾಷೆಯ ಪದಗಳನ್ನು ತಾಯಂದಿರಿಂದ ಕೇಳಿ ಕಲಿಯಿರಿ. ಎರಡು ಭಾಷೆ ಕೇಳಿದರೆ ಮಗುವಿಗೆ ಮಾತು ತಡವಾಗುತ್ತದೆ ಎಂಬುದು ಬರಿಯ ಭಯ. ‘ಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಿ’ ಎಂದು ತಂದೆ ತಾಯಂದಿರಿಗೆ ಹೇಳುವುದಂತೂ ಅಪರಾಧಕ್ಕೆ ಸಮ.

ಟಿ.ವಿ., ಮೊಬೈಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ ಎರಡು ವರ್ಷ ತುಂಬುವವರೆಗೆ ಪರದೆ ಬೇಡ, ಆಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು. ಆ ಒಂದು ಗಂಟೆ ಮನೆಯಲ್ಲೇ ಮುಗಿದಿರುತ್ತದೆ. ಶಿಶುವಿಹಾರದಲ್ಲಿ ಪರದೆಯೇ ಇಲ್ಲದಿರಲಿ.

ಹೆಜ್ಜೆ 6: ಮೈ ಆಡಲಿ

ಅದೇ ಮಾರ್ಗಸೂಚಿ ಒಂದು, ಎರಡು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಮೈಯಾಡಿಸುವ ಚಟುವಟಿಕೆ ಬೇಕೆನ್ನುತ್ತದೆ. ಒಂದೇ ಕಡೆ ಕಟ್ಟಿಹಾಕಿದಂತೆ ಕೂರಿಸುವುದು ಒಮ್ಮೆಗೆ ಒಂದು ಗಂಟೆ ಮೀರಬಾರದು. ಮಗುವನ್ನು ನೇತುಹಾಕಿದಂತೆ ಕೂರಿಸುವ ವಾಕರ್ ನಡೆಯಲು ಕಲಿಸುವುದಿಲ್ಲ. ಮೆಟ್ಟಿಲ ಬಳಿ ಉರುಳಿದರೆ ತಲೆಗೇ ಪೆಟ್ಟು. ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿದೆ. ನಮ್ಮ ಹಳೆಯ ಮೂರು ಚಕ್ರದ ಮರದ ತಳ್ಳುಗಾಡಿ ಇದಕ್ಕಿಂತ ಎಷ್ಟೋ ಮೇಲು, ಏಕೆಂದರೆ ಅಲ್ಲಿ ಮೈಭಾರ ಹೊರುವುದು ಮಗುವಿನ ಕಾಲೇ.

ಹಂಗೇರಿಯ ವೈದ್ಯೆ ಎಮ್ಮಿ ಪಿಕ್ಲರ್ 1946ರಲ್ಲಿ ಬುಡಾಪೆಸ್ಟ್‌ನಲ್ಲಿ ಶುರು ಮಾಡಿದ ಶಿಶುಗೃಹದಲ್ಲಿ ಒಂದು ನಿಯಮವಿತ್ತು: ಮಗು ತಾನಾಗಿ ತಲುಪಲಾರದ ಭಂಗಿಗೆ ಅದನ್ನು ತಂದು ನಿಲ್ಲಿಸಬಾರದು. ಹತ್ತಲು ಬರುವಷ್ಟು ಎತ್ತರವನ್ನೇ ಇಟ್ಟರೆ ಇಳಿಯಲೂ ಬರುತ್ತದೆ. ಗಟ್ಟಿ ದಿಂಬು, ಅರ್ಧ ಅಡಿಯ ಹಲಗೆ, ನೆಲದ ಮೇಲೆ ಹಾಸಿದ ದಪ್ಪ ಹಗ್ಗ, ನುಸುಳಲು ಪೆಟ್ಟಿಗೆ ಇದ್ದರೆ ಸಾಕು. ನೀರಾಟ ಅಂಗಳದಲ್ಲಿ, ಅಗಲವಾದ ಬೋಗುಣಿಯಲ್ಲಿ, ಎರಡು ಬೆರಳಷ್ಟೇ ನೀರಿನಲ್ಲಿ. ದೊಡ್ಡವರೊಬ್ಬರು ಕೈಗೆಟಕುವಷ್ಟು ಹತ್ತಿರ ಕೂರಲೇಬೇಕು. ಮುಗಿದ ಕೂಡಲೇ ಬೋಗುಣಿ ಬೋರಲು ಹಾಕಿ. ಮಕ್ಕಳು ಬಕೆಟ್ಟಿನ ನೀರಿನಲ್ಲೂ ಮುಳುಗುತ್ತಾರೆ.

ಹೆಜ್ಜೆ 7: ಊಟ, ಕೈ ತೊಳೆಯುವುದು, ಚಡ್ಡಿ ಬದಲಿಸುವುದು

ಇವನ್ನು ಬೇಗ ಮುಗಿಸಿ ‘ಚಟುವಟಿಕೆ’ಗೆ ಹೋಗಬೇಕೆಂಬ ಅವಸರ ಬೇಡ. ಒಂದು ಮಗುವಿನ ಜತೆ ನೀವು ಮುಖಕ್ಕೆ ಮುಖ ಕೊಟ್ಟು ಒಬ್ಬರೇ ಇರುವ ಹೊತ್ತು ದಿನದಲ್ಲಿ ಇದೊಂದೇ. ‘ಈಗ ಕಾಲು ಎತ್ತು, ಈ ಕಾಲು… ಇನ್ನೊಂದು’ ಎನ್ನಿ, ಅದು ಎತ್ತುವವರೆಗೆ ಕಾಯಿರಿ. ರಾಗಿ ಸರಿ, ಮೆದು ಅನ್ನ ಸಾರು ಯಾವುದಾದರೂ ಸರಿ, ಮಗುವಿನ ಕೈಗೂ ಒಂದು ಪುಟ್ಟ ಚಮಚ ಕೊಡಿ. ಅರ್ಧ ಚೆಲ್ಲುತ್ತದೆ. ಕೆಳಗೆ ಹಳೆ ಪಂಚೆ ಹಾಸಿ.

ಹೆಜ್ಜೆ 8: ಜಗಳ, ಕಚ್ಚುವುದು

ಅಕ್ಕಪಕ್ಕ ಕುಳಿತು ತಮ್ಮ ತಮ್ಮ ಆಟವನ್ನೇ ಆಡುವುದು ಈ ವಯಸ್ಸಿನ ಸಹಜ ಘಟ್ಟ. ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ 1932ರಲ್ಲೇ ಈ ಸಮಾನಾಂತರ ಆಟವನ್ನು ಗುರುತಿಸಿದ್ದರು. ಹಾಗಾಗಿ ‘ಹಂಚಿಕೊಂಡು ಆಡಿ’ ಎಂಬ ಉಪದೇಶ ಎರಡು ವರ್ಷದವರ ತಲೆಗೆ ಹೋಗುವುದಿಲ್ಲ. ಒಂದೇ ಬಗೆಯ ಮೂರು ಗಾಡಿ ಇಟ್ಟರೆ ಅರ್ಧ ಜಗಳ ತಪ್ಪುತ್ತದೆ.

ಕಚ್ಚಿದಾಗ ಮೊದಲು ಕಚ್ಚಿಸಿಕೊಂಡ ಮಗುವಿನ ಕಡೆ ಹೋಗಿ. ಗಾಯ ತೊಳೆಯಿರಿ, ಎತ್ತಿಕೊಳ್ಳಿ. ಕಚ್ಚಿದ ಮಗುವಿಗೆ ಅದರ ಎತ್ತರಕ್ಕೆ ಬಗ್ಗಿ, ‘ಕಚ್ಚಬಾರದು, ಅವಳಿಗೆ ನೋವಾಯಿತು’ ಎಂದಷ್ಟೇ ಹೇಳಿ. ತಿರುಗಿ ಕಚ್ಚಿ ತೋರಿಸುವ ಹಳೆಯ ಔಷಧ ಬೇಡ. ಯಾವ ಹೊತ್ತಿನಲ್ಲಿ, ಏನಾದಾಗ ಕಚ್ಚಿತು ಎಂದು ಬರೆದಿಡುತ್ತಾ ಹೋದರೆ ಹೆಚ್ಚಿನ ಸಲ ಹಸಿವು, ನಿದ್ದೆ, ಹಲ್ಲು ಬರುವ ನೋವು ಅಥವಾ ಇಕ್ಕಟ್ಟಾದ ಜಾಗ ಕಾರಣವೆಂದು ತಾನೇ ಗೊತ್ತಾಗುತ್ತದೆ. ಯಾರು ಕಚ್ಚಿದರು ಎಂದು ಇನ್ನೊಬ್ಬರ ತಾಯಿಗೆ ಹೇಳಬೇಡಿ. ಊರಿನಲ್ಲಿ ಅದು ಬೇರೆಯೇ ಜಗಳವಾಗುತ್ತದೆ.

ಹೆಜ್ಜೆ 9: ಬೆಳವಣಿಗೆಯ ಗುರುತು, ತಡವಾದರೆ ಏನು ಮಾಡಬೇಕು

ಒಂದು ಮಗುವನ್ನು ಇನ್ನೊಂದರ ಜತೆ ಹೋಲಿಸಬೇಡಿ, ಆದರೆ ‘ಎಲ್ಲ ತಾನಾಗಿ ಸರಿಹೋಗುತ್ತದೆ’ ಎಂದು ಸುಮ್ಮನಿರಲೂಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯಲು ಶುರು ಮಾಡಿದ ಅವಧಿ ಸುಮಾರು 8ರಿಂದ 18 ತಿಂಗಳವರೆಗೆ ಹರಡಿತ್ತು. ಹತ್ತು ತಿಂಗಳಿಗೆ ನಡೆದದ್ದು ಬುದ್ಧಿವಂತಿಕೆಯ ಲಕ್ಷಣವಲ್ಲ, ಹದಿನಾರಕ್ಕೆ ನಡೆದದ್ದು ದೋಷವೂ ಅಲ್ಲ. ಆರೋಗ್ಯ ಇಲಾಖೆ ತಾಯಿ ಮಗುವಿಗೆಂದು ಕೊಡುವ ತಾಯಿ ಕಾರ್ಡಿನಲ್ಲಿ ವಯಸ್ಸಿಗೆ ತಕ್ಕ ಬೆಳವಣಿಗೆಯ ಚಿತ್ರಗಳಿವೆ. ಮೂರು ತಿಂಗಳಿಗೊಮ್ಮೆ ನಿಮ್ಮ ನೋಟ್‌ಬುಕ್ಕನ್ನು ಅದರ ಪಕ್ಕದಲ್ಲಿಟ್ಟು ನೋಡಿ.

ಇವು ಕಂಡರೆ ಕಾಯಬೇಡಿ:

- 18 ತಿಂಗಳಾದರೂ ಹಿಡಿತವಿಲ್ಲದೆ ನಡೆಯದಿರುವುದು
- 18 ತಿಂಗಳಾದರೂ ಬೇಕಾದದ್ದನ್ನೋ ಇಷ್ಟವಾದದ್ದನ್ನೋ ಬೆರಳು ಮಾಡಿ ತೋರಿಸದಿರುವುದು
- 2 ವರ್ಷವಾದರೂ ‘ಅಮ್ಮ ಬಾ’, ‘ಹಾಲು ಬೇಕು’ ಎಂಬಂತೆ ಎರಡು ಪದ ಕೂಡಿಸದಿರುವುದು
- ಹೆಸರು ಹಿಡಿದು ಕರೆದರೆ ತಿರುಗದಿರುವುದು, ಸದ್ದಿಗೆ ಬೆಚ್ಚದಿರುವುದು
- ಬರುತ್ತಿದ್ದ ಮಾತು, ನಡಿಗೆ, ನಗು ಯಾವ ವಯಸ್ಸಿನಲ್ಲಾದರೂ ನಿಂತುಹೋಗುವುದು

ರೋಗದ ಹೆಸರು ಹೇಳುವುದು ನಮ್ಮ ಕೆಲಸವಲ್ಲ. ಆ ಪದ ನಿಮ್ಮ ಬಾಯಿಂದ ಬರಲೇಬಾರದು. ಸಂಜೆ ಮಗುವನ್ನು ಕರೆದೊಯ್ಯಲು ಬಂದ ತಾಯಿಯನ್ನು ಬಾಗಿಲಲ್ಲಿ ಎಲ್ಲರೆದುರು ನಿಲ್ಲಿಸದೆ ಒಳಗೆ ಕೂರಿಸಿ, ನೋಟ್‌ಬುಕ್ ತೆರೆದಿಟ್ಟು, ಮೊದಲು ಮಗು ಚೆನ್ನಾಗಿ ಮಾಡುವುದನ್ನು ತೋರಿಸಿ. ಆಮೇಲೆ: ‘ಅಕ್ಕ, ಹಿಂದಿನಿಂದ ಕರೆದರೆ ತಿರುಗುವುದು ಕಡಿಮೆ ಎಂದು ನನಗೆ ಕಂಡಿದೆ. ಮನೆಯಲ್ಲಿ ನೀವು ಏನು ನೋಡಿದ್ದೀರಿ? ಒಮ್ಮೆ ಕಿವಿ ತೋರಿಸಿಬಿಡೋಣ.’ ಅತ್ತೆಯೋ ಗಂಡನೋ ಒಪ್ಪುವುದಿಲ್ಲ ಎಂದರೆ ಅವರನ್ನೂ ಒಂದು ದಿನ ಬರಹೇಳಿ, ಆಟದ ಹೊತ್ತಿನಲ್ಲೇ ಪಕ್ಕದಲ್ಲಿ ಕುಳಿತು ನೋಡಲಿ.

ಎಲ್ಲಿಗೆ ಕಳುಹಿಸಬೇಕೆಂಬುದು ಮೊದಲೇ ಗೊತ್ತಿರಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನಿಮ್ಮ ಕಡೆ ಯಾವಾಗ ಬರುತ್ತದೆ ಎಂದು ತಿಳಿಯುತ್ತದೆ. 2013ರಿಂದ ನಡೆಯುತ್ತಿರುವ ಈ ಕಾರ್ಯಕ್ರಮದಡಿ ತಪಾಸಣೆಯೂ ಮುಂದಿನ ಚಿಕಿತ್ಸೆಯೂ ಉಚಿತ. ಅಲ್ಲಿಂದ, ಬೆಳವಣಿಗೆಯ ತೊಂದರೆಗಳಿಗೆ ಬೇಗನೆ ನೆರವು ಕೊಡುವ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುತ್ತಾರೆ. ಕಿವಿ, ಮಾತಿನ ತೊಂದರೆಗಾದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಹೋಗುವಾಗ ತಾಯಿ ಕಾರ್ಡಿನ ಜತೆ ನಿಮ್ಮ ನೋಟ್‌ಬುಕ್ಕಿನ ಆ ಎರಡು ಪುಟಗಳ ನಕಲನ್ನೂ ಕೊಟ್ಟು ಕಳುಹಿಸಿ. ಹತ್ತು ನಿಮಿಷ ಮಾತ್ರ ಮಗುವನ್ನು ನೋಡುವ ವೈದ್ಯರಿಗೆ ಮೂರು ತಿಂಗಳು ದಿನವಿಡೀ ನೋಡಿದವರ ಬರಹ ಬಹಳ ನೆರವಾಗುತ್ತದೆ. ಹೋಗಬೇಕೆಂದು ಹೇಳಿದ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಹದಿನೈದು ದಿನ ಕಳೆದರೂ ಹೋಗಿರದಿದ್ದರೆ ಮತ್ತೆ ಕೇಳಿ, ಕೂಲಿ ತಪ್ಪುತ್ತದೆಂಬ ಚಿಂತೆಯಿದ್ದರೆ ಜತೆಗೆ ಹೋಗಲು ಆಶಾ ಕಾರ್ಯಕರ್ತೆಯನ್ನಾಗಲಿ ಮನೆಯ ಇನ್ನೊಬ್ಬರನ್ನಾಗಲಿ ಗೊತ್ತು ಮಾಡಿಕೊಡಿ.